ಟವೆಲ್ ಕೆಳಗಿನ ಆನ್‌ಲೈನ್

ಗುಂಡ್ಲುಪೇಟೆಯ ಹಿದಾಯತ್ ಉಲ್ಲಾ ಸಾಹೇಬರ ಬಾಯಿಂದ 'ನನಗೆ ಗೊತ್ತಿಲ್ಲ' ಎಂಬ ಮಾತು ಹೊರಟದ್ದನ್ನು ಕೇಳಿದವರು ಆ ಊರಿನಲ್ಲಿ ಯಾರೂ ಇಲ್ಲ. ಊಟಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಹೇಳುತ್ತಾರೆ. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು ಎಂದು ಕೇಳಿ, ಅದನ್ನೂ ಹೇಳುತ್ತಾರೆ. ಬಸ್ಸು ಆ ಹೊತ್ತಿಗೆ ಬರುವುದಿಲ್ಲ, ಹಸು ಅದನ್ನು ಕುಡಿಯುವುದಿಲ್ಲ. ಅದು ಬಸ್ಸಿನ ತಪ್ಪು, ಹಸುವಿನ ತಪ್ಪು. ಬಾಯಿಬಿಟ್ಟು ಕೇಳಿದವರನ್ನು ಸುಮ್ಮನೆ ಕಳಿಸಬಾರದೆಂಬುದು ಸಾಹೇಬರ ಧರ್ಮ. ಇಂಥ ಧರ್ಮಾತ್ಮರು ಒಂದು ದಿನ ಹೆರಿಗೆ ಆಸ್ಪತ್ರೆಯ ಗೇಟಿನಲ್ಲಿ ನಿಂತು 'ಇದೆ' ಎಂದು ಒಂದೇ ಒಂದು ಮಾತು ಹೇಳಿಬಿಟ್ಟರು.

ಅದು ಯಾವ ಮಾತು, ಯಾರಿಗೆ ಹೇಳಿದ್ದು ಎನ್ನುವುದಕ್ಕೆ ಮೊದಲು ಅವರ ಹೆಂಡತಿ ಚಾಂದ್ ಬಿಯ ಹಂಡೆಯ ವಿಷಯ ಹೇಳಬೇಕು. ಬಾಣಂತಿಗೆ ಮೈತುಂಬ ಬಿಸಿನೀರು ಹುಯ್ಯದಿದ್ದರೆ ಅದೆಂಥ ಬಾಣಂತನ? ಹಳ್ಳಿಯಿಂದ ಬಂದವರು ಆಸ್ಪತ್ರೆಯಲ್ಲಿ ಒಲೆ ಎಲ್ಲಿ ಹೂಡುತ್ತಾರೆ, ಸೌದೆ ಎಲ್ಲಿ ತರುತ್ತಾರೆ? ಮಗಳು ಜೋಯಾಳ ಹೆರಿಗೆಗೆಂದು ಅಲ್ಲಿ ಇದ್ದಾಗ ಚಾಂದ್ ಬಿ ಇದನ್ನು ನೋಡಿದಳು. ಮನೆಯ ತಾಮ್ರದ ಹಂಡೆಯನ್ನು ಸೈಕಲ್ ರಿಕ್ಷಾದಲ್ಲಿ ಹೇರಿಸಿಕೊಂಡು ಬಂದು ಕಾಂಪೌಂಡಿನ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಮೇಲೆ ಕೂರಿಸಿಬಿಟ್ಟಳು. ಆವತ್ತಿನಿಂದ ಯಾವ ಜಾತಿಯ ಬಾಣಂತಿಯಾಗಲಿ, ಯಾವ ಊರಿನವಳಾಗಲಿ, ಬಕೆಟ್ ಹಿಡಿದು ಬಂದವರಿಗೆ ಬಿಸಿನೀರು. ಕಾಸು ಕೇಳುವಂತಿಲ್ಲ. 'ಕಾಂಪೌಂಡಿನಲ್ಲಿ ಬೆಂಕಿ ಹಾಕಬೇಕಾದರೆ ರಿಜಿಸ್ಟ್ರೇಷನ್ ಬೇಕು' ಎಂದು ಯಾರೋ ಅಂದದ್ದಕ್ಕೆ 'ಬಾಣಂತಿ ಬಿಸಿನೀರು ಸಂಘ' ಹುಟ್ಟಿತು. ಅಧ್ಯಕ್ಷರು ನಿವೃತ್ತ ಕಾಂಪೌಂಡರ್ ನೀಲಕಂಠಸ್ವಾಮಿಯವರು. ಉರಿ ಹಾಕುವವಳು ಹೊಸೂರು ಬೀದಿಯ ರಾಚಮ್ಮ. ಕಾರ್ಯದರ್ಶಿ ನಮ್ಮ ಸಾಹೇಬರು. ಕೆಲಸವೆಲ್ಲ ಚಾಂದ್ ಬಿಯದು.

ಆ ಹಂಡೆಗೆ ವಯಸ್ಸಾಗಿತ್ತು. ತಳ ಸೋರುತ್ತಿತ್ತು. ಸುಣ್ಣ ಬೆಲ್ಲ ಕಲಸಿ ಮೆತ್ತಿದ್ದಾಯಿತು, ಡಾಂಬರು ಮೆತ್ತಿದ್ದಾಯಿತು, ನೀಲಕಂಠಸ್ವಾಮಿಯವರು ಹಳೆ ಅಭ್ಯಾಸಬಲದಿಂದ ಬ್ಯಾಂಡೇಜು ಬಟ್ಟೆಯನ್ನೂ ಸುತ್ತಿ ನೋಡಿದ್ದಾಯಿತು. ನೀರು ಕಾಯುವುದಕ್ಕಿಂತ ಮೊದಲು ಅರ್ಧ ನೀರು ಒಲೆಗೇ ಬಿದ್ದು, ರಾಚಮ್ಮನ ಮುಖ ದಿನವಿಡೀ ಹೊಗೆಯಲ್ಲಿ ಮುಳುಗಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಊಟಿಯಿಂದ ಬೆಂಗಳೂರಿಗೆ ಹೊರಟಿದ್ದ ಒಂದು ಜೋಡಿ ಗಂಡ ಹೆಂಡಿರ ಕಾರು ಬಂಡೀಪುರದ ಕಾಡು ದಾಟುವಷ್ಟರಲ್ಲಿ ತುಂಬು ಬಸುರಿಯಾಗಿದ್ದ ಹೆಂಡತಿಗೆ ನೋವು ಕಾಣಿಸಿಕೊಂಡಿತು. ಗುಂಡ್ಲುಪೇಟೆಗೆ ತಂದರು, ಹೆಣ್ಣುಮಗು ಆಯಿತು. ಚಾಂದ್ ಬಿ ನಿಂತು ನೀರು ಹುಯ್ಯಿಸಿದಳು. ಆ ಹುಡುಗಿ 'ಅಮ್ಮ ಇದ್ದಿದ್ದರೂ ಹೀಗೆ ಹುಯ್ಯುತ್ತಿರಲಿಲ್ಲ' ಎಂದು ಅತ್ತುಬಿಟ್ಟಳಂತೆ. ಹೊರಡುವ ದಿನ ಗಂಡ ಗೇಟಿನಲ್ಲಿ ಸಾಹೇಬರನ್ನು ಹಿಡಿದುಕೊಂಡ.

"ಸರ್, ಆ ಹಂಡೆ ನೋಡಿದೆ. ನಮ್ಮ ಆಫೀಸಿನವರೆಲ್ಲ ಸೇರಿದರೆ ನಿಮಗೊಂದು ಒಳ್ಳೆ ಬಾಯ್ಲರ್ ಕೊಡಿಸಬಹುದು. ಮಾರ್ಚ್ ಮುಗಿಯೋದರೊಳಗೆ ಆಗಬೇಕು, ಆಮೇಲೆ ಆ ಹಣ ಬೇರೆ ಸಂಸ್ಥೆಗೆ ಹೋಗುತ್ತೆ. ನಿಮ್ಮಲ್ಲಿ ಆನ್‌ಲೈನ್ ಡೊನೇಷನ್ ಇದೆ ತಾನೆ?"

"ಇದೆ" ಎಂದರು ಸಾಹೇಬರು.

ಕಾರು ಹೋದ ಮೇಲೆ ಚಾಂದ್ ಬಿ ಕೇಳಿದಳು. ಮನೆಯಲ್ಲಿ ಅವರದು ಉರ್ದು. ಬರೆಯುವವನ ಅನುಕೂಲಕ್ಕೆ ಇಲ್ಲಿ ಕನ್ನಡವಾಗಿದೆ.

"ಅದೇನು ಇದೆ ಅಂದ್ರಲ್ಲ, ಏನದು?"

"ಆನ್‌ಲೈನು. ಅವರು ಅಲ್ಲಿ ಕೂತು ಗುಂಡಿ ಒತ್ತೋದು, ತಂತಿ ಮೇಲೆ ದುಡ್ಡು ಇಲ್ಲಿಗೆ ಬರೋದು."

"ನಮ್ಮ ಹತ್ರ ಇದೆಯಾ?"

"ಇನ್ನು ಮೇಲೆ ಇರುತ್ತೆ."

"ನೋಡ್ರೀ, ಆ ಹಂಡೆ ಇನ್ನೆಷ್ಟು ದಿನ ಬರುತ್ತೋ ನಾ ಕಾಣೆ. ಬಸ್ಸಿನ ಟೈಮು ಸುಳ್ಳು ಹೇಳಿದ ಹಾಗಲ್ಲ ಇದು. ಈ ಬಾಯ್ಲರ್ ಕೈತಪ್ಪಿದರೆ ನಾನು ನಿಮಗೆ ಮುಖ ತೋರಿಸಲ್ಲ."

ಸಾಹೇಬರು ಟೋಪಿ ಸರಿಮಾಡಿಕೊಂಡರು. ತಲೆಯೊಳಗೆ ಏನೂ ಹೊಳೆಯದಿದ್ದಾಗ ಅವರು ಮಾಡುವುದು ಅದನ್ನೇ.

ಮಾರನೆಯ ದಿನ ಬೇವಿನ ಮರದ ಕೆಳಗೆ ಸಂಘದ ತುರ್ತುಸಭೆ ಸೇರಿತು. ಸಾಹೇಬರು ಆನ್‌ಲೈನಿನ ಮಹಿಮೆಯನ್ನು ವಿವರಿಸಿದರು. ದಾನ ವಸೂಲು ಮಾಡಿಕೊಡುವುದಕ್ಕೇ ಬೇರೆ ಬೇರೆ ಕಂಪನಿಗಳಿವೆ, ಅದರಲ್ಲಿ ಒಂದನ್ನು ಆರಿಸಬೇಕು, ಆರಿಸುವ ಕೆಲಸ ತಮ್ಮಂಥ ಅನುಭವಸ್ಥರಿಂದಲೇ ಆಗತಕ್ಕದ್ದು ಎಂದರು.

ರಾಚಮ್ಮ ಊದುಗೊಳವೆ ಕೆಳಗಿಟ್ಟು ಕೇಳಿದಳು: "ಅಲ್ಲಾ ಸಾಬ್ರೆ, ಅವ್ರು ಕಂಪ್ಯೂಟ್ರು ವೊಳ್ಗಡೆ ದುಡ್ಡು ಹಾಕುದ್ರೆ ನಮ್ಮೂರ್ಲಿ ಎಲ್ ಬೀಳ್ತದೆ? ಬುಟ್ಟಿ ಗಿಟ್ಟಿ ಹಿಡ್ಕಂಡು ನಿಂತ್ಕಬೇಕಾ?"

"ಬ್ಯಾಂಕಲ್ಲಿ ಬೀಳ್ತದೆ ಕಣಮ್ಮ."

"ಭಾನ್ವಾರ ಬ್ಯಾಂಕು ಬಾಗ್ಲಾಕಿರ್ತದಲ್ಲ. ಆವತ್ತು ಬಿದ್ರೆ?"

ಸಾಹೇಬರು ಟೋಪಿ ಸರಿಮಾಡಿಕೊಂಡು, "ಆವತ್ತು ಬಾಗ್ಲ ಮುಂದೆ ಕಾಯ್ಕೊಂಡಿರ್ತದೆ" ಎಂದರು.

ನೀಲಕಂಠಸ್ವಾಮಿಯವರ ಚಿಂತೆ ಬೇರೆ ಇತ್ತು. ದಾನಿಗಳಿಗೆ ಹೊದಿಸಲೆಂದು ಅವರು ಆಗಲೇ ಮೈಸೂರಿನಿಂದ ಒಂದು ಜರಿ ಶಾಲು ತರಿಸಿ ಇಟ್ಟುಕೊಂಡಿದ್ದರು. "ಎಲ್ಲಾ ಸರಿ ಹಿದಾಯತ್ತು. ದಾನ ಕೊಟ್ಟೋರು ಕಣ್ಣಿಗೇ ಕಾಣಲ್ಲ ಅಂದ್ರೆ ಶಾಲು ಯಾರಿಗೆ ಹೊದಿಸೋದು? ಹಾರ ಯಾರಿಗೆ ಹಾಕೋದು? ಎರಡು ಮಾತು ಭಾಷಣ ಯಾರ ಮುಂದೆ ಮಾಡೋದು? ಶಾಲು ಹೊದಿಸೋ ಕಂಪನೀನೇ ನೋಡಪ್ಪ. ಮಿಕ್ಕಿದ್ದು ನಿಂಗೆ ಬಿಟ್ಟಿದ್ದು." ಹೀಗೆ ಸಭೆ ಸರ್ವಾನುಮತದಿಂದ ಮುಗಿಯಿತು.

ಸಾಹೇಬರ ಉದ್ಯೋಗ ಚಾಮರಾಜನಗರದ ಅರಿಶಿನ ಮಂಡಿಯಲ್ಲಿ ದಲ್ಲಾಳಿಗಿರಿ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತುವರು, ಸಂಜೆ ಅದೇ ದಾರಿಯಲ್ಲಿ ಇಳಿಯುವರು. ಸಭೆಯ ಮಾರನೆಯ ದಿನ ಮಂಡಿಗೆ ಹೋಗುವ ಮೊದಲು ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ನಿಂಗರಾಜುವಿನ ಸೈಬರ್ ಕೆಫೆಗೆ ನುಗ್ಗಿದರು. ನಿಂಗರಾಜು ಎರಡು ಮಕ್ಕಳ ತಂದೆ, ತಾಳ್ಮೆಯ ಮನುಷ್ಯ. ಹುಡುಕಿ ತೆಗೆದ.

"ಇದು ಚೆನ್ನೈ ಕಡೇದು ಸಾಬ್ರೆ. ಸೇರ್ಕೊಳಕ್ಕೆ ಇಷ್ಟು, ವರ್ಷವರ್ಷ ಇಷ್ಟು, ಬಂದ ದುಡ್ಡಲ್ಲಿ ನೂರಕ್ಕೆ ಏಳು ಅಂತ ಬರ್ದವ್ರೆ."

"ಬರ್ದೇ ಬುಟ್ಟವ್ರಾ? ಎಲ್ಲಾರ್ಗೂ ಕಾಣಂಗೆ?"

"ಹ್ಞೂ. ಸೇಫ್ ಆಗದೆ ಸಾಬ್ರೆ. ಇಲ್ನೋಡಿ, ಕೆಳಗೆ ಬೀಗದ ಗುರ್ತು ಅದೆ."

"ಕೀ ಯಾರ ಹತ್ರ ಇರ್ತದೆ?"

ನಿಂಗರಾಜು ಆ ಬೀಗದ ಮೇಲೆ ಒಂದೆರಡು ಸಲ ಮೌಸ್ ಒತ್ತಿ ನೋಡಿದ. ಸಾಹೇಬರು ತಲೆ ಕೊಡವಿದರು. "ಮುಚ್ಚಯ್ಯಾ ಅದನ್ನ. ರೇಟನ್ನ ಬೀದೀಲಿ ಹರಡ್ಕೊಂಡು ಕೂತವನೆ, ವ್ಯಾಪಾರದ ಮಾನ ಮರ್ಯಾದೆ ಗೊತ್ತಿಲ್ದೋನು."

ಇಲ್ಲಿ ಓದುಗರು ಸಾಹೇಬರ ಮೇಲೆ ಕೋಪಿಸಿಕೊಳ್ಳಬಾರದು. ಅವರ ಮಂಡಿಯಲ್ಲಿ ಅರಿಶಿನದ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯೇ ಇಲ್ಲ. ಕೊಳ್ಳುವವನು, ಮಾರುವವನು ಎದುರುಬದುರು ಕೂತು ಕೈಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಹಿಡಿದು ಬೆಲೆ ಕೇಳುವುದು. ಮುಖದ ಮೇಲೆ ಏನೂ ಕಾಣಿಸಬಾರದು. ಬಾಯಿಬಿಟ್ಟು ರೇಟು ಅಂದವನಿಗೆ ಆಮೇಲೆ ಮಂಡಿಯಲ್ಲಿ ಟೀ ಕೂಡ ಹುಟ್ಟುವುದಿಲ್ಲ. ಇಂಥ ಘನವಾದ ಜಾಗದಲ್ಲಿ ಬಾಳಿ ಬದುಕಿದವರಿಗೆ ನೂರಕ್ಕೆ ಏಳು ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಕಂಪನಿ ಬಟ್ಟೆಯಿಲ್ಲದೆ ನಿಂತವನ ಹಾಗೆ ಕಂಡರೆ ಅದರಲ್ಲಿ ಆಶ್ಚರ್ಯವೇನು?

ನಿಂಗರಾಜು ಇನ್ನೊಂದನ್ನು ತೆಗೆದ. "ಇದು ಬೆಂಗಳೂರಿಂದು. ಇದ್ರಲ್ಲಿ ರೇಟೇ ಇಲ್ಲ ಸಾಬ್ರೆ. ಸಣ್ಣ ಸಂಘದವರು ಫೋನ್ ಮಾಡಿ ಅಂತ ಅದೆ ಅಷ್ಟೆ."

ಸಾಹೇಬರ ಮುಖ ಅರಳಿತು. "ನೋಡು, ಇವನು ವ್ಯಾಪಾರಸ್ಥ! ಇವನ ಜೊತೆ ಕೂತು ಮಾತಾಡಬೌದು. ನಂಬರ್ ಬರ್ಕೊ."

ಫೋನು ಎತ್ತಿದವಳು ಒಬ್ಬ ಹೆಣ್ಣುಮಗಳು. ಸಂಘದ ವಿಷಯವೆಲ್ಲ ಕೇಳಿ ಬಹಳ ಸಂತೋಷಪಟ್ಟಳು. "ಚಾರ್ಜಸ್ ಬಗ್ಗೆ ಯೋಚನೆ ಮಾಡಬೇಡಿ ಸರ್, ನಾವು ನಿಮ್ಮಂಥವರಿಂದ..." ಎನ್ನುವಷ್ಟರಲ್ಲಿ ಸಾಹೇಬರು ಹೌಹಾರಿ, "ಅಮ್ಮಾ! ಫೋನಲ್ಲಿ ಬೇಡ! ನಿಮ್ಮ ಯಜಮಾನ್ರು ಮಂಡಿಗೆ ಬಂದು ಮಾತಾಡ್ಲಿ" ಎಂದು ಕೂಗಿದರು. ಮುಂದಿನ ವಾರ ಹೇಗೂ ಮೈಸೂರಿಗೆ ಬರುವುದಿದೆ, ಅಲ್ಲಿಂದ ರೈಲು ಹಿಡಿದು ಬಂದು ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋಗುವುದು ಎಂದು ಆಕೆ ಹೇಳಿದಳು. ಫೋನು ಎತ್ತುವವಳು ಬೇರೆ, ಬರುವ ಸಾಹುಕಾರ ಬೇರೆ ಎಂದುಕೊಂಡು ಸಾಹೇಬರು ಸಮಾಧಾನವಾಗಿ ಫೋನ್ ಇಟ್ಟರು.

ಸಂಜೆಯ ಬಸ್ಸು ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಸುದ್ದಿ ಬೆಳೆದಿತ್ತು. ಚಾಮರಾಜನಗರ ಬಿಟ್ಟಾಗ 'ಬೆಂಗಳೂರು ಕಂಪನಿಯವರು ಬರ್ತಾರಂತೆ' ಎಂದಿದ್ದದ್ದು, ತೆರಕಣಾಂಬಿಯಲ್ಲಿ ಇಳಿದವರ ಬಾಯಲ್ಲಿ 'ಬೆಂಗಳೂರು ಕಂಪನೀನ ಹಿದಾಯತ್ ಸಾಬ್ರು ಟವೆಲ್ ಕೆಳಗೆ ಕೂರಿಸ್ತಾರಂತೆ' ಎಂದಾಯಿತು. ಗುಂಡ್ಲುಪೇಟೆಯಲ್ಲಿ ಇಳಿದಾಗ ಟೀ ಅಂಗಡಿಯವನೇ ಸಾಹೇಬರನ್ನು ತಡೆದು, "ಏನ್ ಸಾಬ್ರೆ, ಅವ್ರು ನೂರಕ್ಕೆ ಒಂಬತ್ತು ಅಂದವ್ರಂತೆ, ನೀವು ಮೂರ್ಕೆ ಇಳಿಸ್ತೀನಿ ಅಂದ್ರಂತೆ, ಹೌದಾ?" ಎಂದು ಕೇಳಿದ. ಹೌದು ಎನ್ನದೆ ಬಿಡುವುದು ಸಾಹೇಬರ ಕೈಲಿ ಎಲ್ಲಿ ಆದೀತು?

ಆ ದಿನ ಬಂತು. ಮಾರ್ಚ್ ತಿಂಗಳು ಮುಗಿಯುತ್ತ ಬಂದಿತ್ತು. ಮಂಡಿಯ ಮಾಲೀಕ ಗುರುಮಲ್ಲಯ್ಯನವರು ತಮ್ಮ ಅಂಗಳ ಗುಡಿಸಿ, ನೀರು ಚಿಮುಕಿಸಿ, ಎರಡು ಕುರ್ಚಿ ಹಾಕಿಸಿ, ಬಾದಾಮಿ ಹಾಲು ತರಿಸಿದ್ದರು. ಅಕ್ಕಪಕ್ಕದ ಮಂಡಿಯವರು ತೂಕ ನಿಲ್ಲಿಸಿ ಬಂದು ಮೂಟೆಗಳ ಮೇಲೆ ಹತ್ತಿ ಕೂತಿದ್ದರು. ನೀಲಕಂಠಸ್ವಾಮಿಯವರು ಜರಿ ಶಾಲಿನ ಸಮೇತ ಹಾಜರಾಗಿದ್ದರು. ಚಾಂದ್ ಬಿಯೂ ಬಂದಿದ್ದಳು. ಈ ಸಲ ಗಂಡನನ್ನು ಒಬ್ಬನೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಹಂಡೆಯನ್ನು ರಾಚಮ್ಮನಿಗೆ ಒಪ್ಪಿಸಿ ಬಂದಿದ್ದಳು. ಸಾಹೇಬರು ಹೆಗಲ ಮೇಲೆ ಕೆಂಪಂಚಿನ ಹೊಸ ಟವೆಲ್ ಹಾಕಿಕೊಂಡು ಮದುಮಗನ ಹಾಗೆ ನಿಂತಿದ್ದರು.

ಸ್ಟೇಷನ್ನಿಂದ ಬಂದ ಆಟೋದಿಂದ ಇಳಿದವಳು ಕನ್ನಡಕ ಹಾಕಿದ, ಹೆಗಲಿಗೆ ಕಪ್ಪು ಬ್ಯಾಗು ತೂಗುಹಾಕಿಕೊಂಡ ಒಬ್ಬ ಹುಡುಗಿ.

"ನಿಮ್ಮ ಯಜಮಾನ್ರು ಹಿಂದ್ಗಡೆ ಆಟೋದಲ್ಲಿ ಬರ್ತಾ ಅವ್ರಾ?" ಎಂದರು ಸಾಹೇಬರು.

"ನಾನೇ ಸರ್ ಬಂದಿರೋದು. ಮಂಗಳಗೌರಿ ಅಂತ. ಫೋನಲ್ಲಿ ಮಾತಾಡಿದ್ದೆನಲ್ಲ."

ಸಾಹೇಬರ ಹೆಗಲ ಮೇಲಿನ ಟವೆಲ್ ಜಾರಿ ಕೆಳಗೆ ಬಿತ್ತು. ಅಷ್ಟರಲ್ಲಿ ನೀಲಕಂಠಸ್ವಾಮಿಯವರು, ಇಷ್ಟು ದಿನಕ್ಕೆ ಒಂದು ಜೀವ ಕಣ್ಣಿಗೆ ಬಿತ್ತಲ್ಲ ಎಂಬ ಸಡಗರದಲ್ಲಿ ಮುಂದೆ ಬಂದು ಅವಳಿಗೆ ಶಾಲು ಹೊದಿಸಿಯೇಬಿಟ್ಟರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಜರಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತ ಹುಡುಗಿ ಬೆವರು ಒರೆಸಿಕೊಂಡು ಬ್ಯಾಗಿನಿಂದ ಕಾಗದ ತೆಗೆದಳು.

"ಸರ್, ಮೊದಲು ಚಾರ್ಜಸ್ ವಿಷಯ ಹೇಳಿಬಿಡ್ತೀನಿ. ನಾವು ನಿಮ್ಮಿಂದ..."

"ಶ್!" ಎಂದಿತು ಇಡೀ ಮಂಡಿ.

ಹುಡುಗಿ ಬೆಚ್ಚಿ ಸುತ್ತ ನೋಡಿದಳು. ಗುರುಮಲ್ಲಯ್ಯನವರು ಕೈಮುಗಿದರು. "ತಾಯಿ, ಈ ಅಂಗಳದಲ್ಲಿ ನಮ್ಮ ತಾತನ ಕಾಲದಿಂದ ಯಾರೂ ರೇಟು ಬಾಯಲ್ಲಿ ಅಂದಿಲ್ಲ. ಹಾಲು ಕುಡೀರಿ."

ಅವಳು ಹಾಲು ಕುಡಿದಳು. ಕುಡಿದಾದ ಮೇಲೆ ಮತ್ತೆ, "ಅಲ್ಲ ಸರ್, ರೇಟು ಅಂತ ಏನಿಲ್ಲ, ಅದನ್ನೇ ನಾನು..." ಎಂದಳು. ಮತ್ತೆ "ಶ್!" ಮೂಟೆ ಮೇಲಿದ್ದ ಒಬ್ಬರು ಪಕ್ಕದವರಿಗೆ, "ಬಲೇ ಪಾಕಡಾ ಕಣ್ಲಾ. ಬಾಯಿ ತಪ್ಪಿದಂಗೆ ಮಾಡಿ ಎದುರಿನೋರ್ನ ಅಳೀತಾವ್ಳೆ" ಎಂದು ಪಿಸುಗುಟ್ಟಿದರು.

ಈಗ ದೊಡ್ಡ ಪ್ರಶ್ನೆ ಎದ್ದಿತು. ಟವೆಲ್ ಹಾಕಬೇಕು, ಕೈ ಹಿಡಿಯಬೇಕು. ಯಾರು ಹಿಡಿಯಬೇಕು?

"ನೋಡಿ ಸಾಬ್ರೆ," ಎಂದರು ಗುರುಮಲ್ಲಯ್ಯನವರು ತಗ್ಗಿದ ದನಿಯಲ್ಲಿ, "ಊರೋರ ಮನೆ ಹೆಣ್ಣುಮಗಳ ಕೈ ಹಿಡಿದು ಮೇಲೆ ಬಟ್ಟೆ ಮುಚ್ಚಿದ್ರೆ, ನಾಳೆ ನಾನು ಇಲ್ಲಿ ಮಂಡಿ ನಡೆಸಬೇಡ್ವಾ? ಅಲ್ಲದೆ ನಿಮ್ಮ ಮನೆಯೋರು ಅಲ್ಲೇ ನಿಂತವ್ರೆ."

ಸಾಹೇಬರು ತಿರುಗಿ ನೋಡಿದರು. ಮನೆಯವರು ಅಲ್ಲೇ ನಿಂತಿದ್ದರು. ಆ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ.

"ನಾನು ಹಿಡೀತೀನಿ" ಎಂದಳು ಚಾಂದ್ ಬಿ.

ಸಾಹೇಬರು ಅವಳನ್ನು ಮೂಟೆಗಳ ಹಿಂದಕ್ಕೆ ಕರೆದುಕೊಂಡು ಹೋದರು. ಮದುವೆಯಾದಂದಿನಿಂದ ಹೆಂಡತಿಗೂ ಬಿಟ್ಟುಕೊಡದ ವಿದ್ಯೆಯನ್ನು ನಿಂತ ನಿಲುವಿನಲ್ಲಿ ಹೇಳಿಕೊಟ್ಟರು. ಒಂದು ಬೆರಳು ಹಿಡಿದರೆ ನೂರಕ್ಕೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು. ಬೆರಳಿನ ಅರ್ಧಕ್ಕೆ ಹಿಡಿದರೆ ಅರ್ಧ. ಮೊದಲು ಅವಳು ಕೊಡಲಿ, ಆಮೇಲೆ ನೀನು ಇಳಿಸು, ಮುಖ ಮಾತ್ರ ಕಲ್ಲು ಮಾಡಿಕೊ.

ಚಾಂದ್ ಬಿ ಎಲ್ಲ ಕೇಳಿಸಿಕೊಂಡು, "ಇಷ್ಟೇನಾ? ಇದಕ್ಕೇನಾ ದಿನಾ ಸಂಜೆ ಬಂದು ಕೈ ನೋವು ಅಂತ ಎಣ್ಣೆ ಹಾಕಿ ತಿಕ್ಕಿಸಿಕೊಳ್ತಿದ್ದದ್ದು?" ಎಂದಳು. ಸಾಹೇಬರು ಟೋಪಿ ಸರಿಮಾಡಿಕೊಂಡರು.

ಹೆಂಗಸರಿಬ್ಬರೂ ಎದುರುಬದುರು ಕೂತರು. 'ಇಲ್ಲಿನ ಪದ್ಧತಿ ಇದು, ನಿಮ್ಮ ರೇಟು ಎಷ್ಟೋ ಅಷ್ಟು ಬೆರಳು ಕೊಡಿ' ಎಂದು ಗುರುಮಲ್ಲಯ್ಯನವರು ಹುಡುಗಿಗೆ ತಿಳಿಸಿದರು. ಹುಡುಗಿ ಜಾಣೆ, ತಕ್ಷಣ ಅರ್ಥ ಮಾಡಿಕೊಂಡಳು. ಅಬ್ಬ, ಹೇಳುವುದಕ್ಕೆ ಒಂದು ದಾರಿ ಸಿಕ್ಕಿತಲ್ಲ ಎಂದು ಟವೆಲಿನ ಕೆಳಗೆ ಕೈ ಇಟ್ಟು ಐದೂ ಬೆರಳನ್ನು ಒಳಕ್ಕೆ ಮಡಚಿಕೊಂಡುಬಿಟ್ಟಳು. ಒಂದೂ ಇಲ್ಲ ಎಂದು ಅದರ ಅರ್ಥ.

ಆದರೆ ಮಂಡಿಯ ಲೆಕ್ಕದಲ್ಲಿ ಸೊನ್ನೆಗೆ ಗುರುತೇ ಇಲ್ಲ. ಇಷ್ಟು ವರ್ಷದಲ್ಲಿ ಯಾರೂ ಅರಿಶಿನವನ್ನು ಸೊನ್ನೆಗೆ ಕೊಟ್ಟದ್ದಿಲ್ಲ, ಆದ್ದರಿಂದ ಅದರ ಅವಶ್ಯಕತೆ ಬಿದ್ದಿರಲಿಲ್ಲ. ಚಾಂದ್ ಬಿ ಒಳಗೆ ಬೆರಳು ಹುಡುಕಿದಳು. ಸಿಗಲಿಲ್ಲ. ಗಂಡನ ಕಡೆ ನೋಡಿ, "ಬೆರಳೇ ಕೊಡ್ತಿಲ್ಲ" ಎಂದಳು.

"ಗಟ್ಟಿ ಆಸಾಮಿ! ರೇಟು ಮುಚ್ಚಿಟ್ಕೊಂಡವ್ಳೆ. ನೀನೇ ಕೇಳು, ನೀನೇ ಕೇಳು" ಎಂದರು ಸಾಹೇಬರು.

ಚಾಂದ್ ಬಿ ಅವಳ ಮುಷ್ಟಿಯಿಂದ ಒಂದು ಬೆರಳನ್ನು ಬಿಡಿಸಿ ಹಿಡಿದಳು. ಹುಡುಗಿ ಗಾಬರಿಯಾಗಿ ತಲೆಯಾಡಿಸಿ ಮತ್ತೆ ಮಡಚಿಕೊಂಡಳು. "ಒಂದಕ್ಕೆ ಒಪ್ಪಲಿಲ್ಲ" ಎಂದು ಮೂಟೆಗಳ ಮೇಲೆ ಗುಜುಗುಜು ಎದ್ದಿತು. ಚಾಂದ್ ಬಿ ಎರಡು ಬಿಡಿಸಿದಳು. ಹುಡುಗಿ ಇನ್ನೂ ಜೋರಾಗಿ ತಲೆಯಾಡಿಸಿದಳು. "ಎರಡಕ್ಕೂ ಇಲ್ಲ!" ಟವೆಲ್ ಮೇಲಕ್ಕೂ ಕೆಳಕ್ಕೂ ಕುಣಿಯತೊಡಗಿತು, ಒಳಗೆ ಎರಡು ಕೋಳಿ ಕಟ್ಟಿಹಾಕಿದ ಹಾಗೆ. ಚಾಂದ್ ಬಿಯ ಕಣ್ಣ ಮುಂದೆ ಸೋರುವ ಹಂಡೆ ಬಂತು, ಮುಗಿಯುತ್ತಿರುವ ಮಾರ್ಚ್ ಬಂತು. ಹೋಗಲಿ ಎಂದು ಮೂರು ಬಿಡಿಸಿದಳು. ಹುಡುಗಿ "ಅಯ್ಯೋ ಆಂಟಿ, ಬೇಡ" ಎಂದಳು.

"ಮೂರನ್ನೂ ಬೇಡ ಅಂದ್ಳಲ್ಲಪ್ಪಾ!" ಗುರುಮಲ್ಲಯ್ಯನವರು ಎದೆ ಮೇಲೆ ಕೈ ಇಟ್ಟುಕೊಂಡರು. "ನಮ್ಮ ಅಂಗಳದಲ್ಲಿ ಇಂಥ ಬಿಗಿ ಕೈ ನೋಡೇ ಇಲ್ಲ." ಮೂರಕ್ಕೆ ಇಳಿಸುತ್ತೇನೆಂದು ಊರೆಲ್ಲ ಸಾರಿದ್ದ ಸಾಹೇಬರು ಮೂಟೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಚಾಂದ್ ಬಿ ನಾಲ್ಕನೆಯ ಬೆರಳಿಗೆ ಕೈ ಹಾಕುವ ಹೊತ್ತಿಗೆ ಬಾಗಿಲಲ್ಲಿ ಗಲಾಟೆಯಾಯಿತು. ಮೈಯೆಲ್ಲ ಬೂದಿ ಮೆತ್ತಿಕೊಂಡ ರಾಚಮ್ಮ ಏದುಸಿರು ಬಿಡುತ್ತ ಜನರನ್ನು ನೂಕಿಕೊಂಡು ಒಳಗೆ ಬಂದಳು.

"ಅಮ್ಮೋ! ಹಂಡೆ ತಳ ಉದುರೋಯ್ತು ಕಣ್ರಮ್ಮೋ! ಒಲೆ, ಉರಿ, ನೀರು ಎಲ್ಲಾ ಒಂದಾಗೋಯ್ತು. ಬೇಗೂರು ಕಡೆ ಬಾಣಂತಿಯೊಬ್ಳು ಒದ್ದೆ ಸೀರೆ ಸುತ್ಕಂಡು ನಡುಗ್ತಾ ಕೂತವ್ಳೆ. ಪಕ್ಕದ್ ಮನೇರ್ಗೆ ಹೇಳಿ ಒಂದ್ ತಪಲೆ ಕಾಯಿಸಕೆ ಬುಟ್ಟು, ಬಸ್ಸತ್ಕಂಡು ಓಡ್ಬಂದೆ. ಆಯ್ತಾ ನಿಮ್ದು? ಬರ್ತದಾ ಬಾಯ್ಲರು?"

ರಾಚಮ್ಮ ಕುಣಿಯುತ್ತಿದ್ದ ಟವೆಲನ್ನು ನೋಡಿದಳು, ಶಾಲು ಹೊದ್ದು ಬೆವರುತ್ತಿದ್ದ ಹುಡುಗಿಯನ್ನು ನೋಡಿದಳು. ಮಂಡಿಯ ಕಟ್ಟಳೆ ಅವಳಿಗೆ ಏನು ಗೊತ್ತು? ಸೆರಗಿನಲ್ಲಿ ಮುಖ ಒರೆಸಿಕೊಂಡು ನೇರವಾಗಿ ಕೇಳಿಯೇಬಿಟ್ಟಳು.

"ಏಟವ್ವಾ ನಿಂದು? ಬಾಯ್ಬುಟ್ ಹೇಳು!"

"ಏನೂ ಇಲ್ಲ ಅಮ್ಮ!" ಹುಡುಗಿ ಎದ್ದು ನಿಂತು, ಮತ್ತೆ ಯಾರಾದರೂ 'ಶ್' ಎನ್ನುವ ಮೊದಲು ಒಂದೇ ಉಸಿರಿಗೆ ಕೂಗಿದಳು. "ಏನೂ ಇಲ್ಲ! ಸಣ್ಣ ಸಂಘಗಳಿಂದ ನಾವು ಒಂದು ಪೈಸಾನೂ ತಗೊಳಲ್ಲ! ದೊಡ್ಡ ಸಂಸ್ಥೆಗಳು ಕೊಡೋದರಲ್ಲೇ ನಿಮ್ಮದೂ ನಡೆಯುತ್ತೆ! ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ಒದ್ದಾಡ್ತಿದ್ದೀನಿ!"

ತಾತನ ಕಾಲದಿಂದ ನಡೆದುಬಂದ ಕಟ್ಟಳೆ ಮುರಿದುಬಿತ್ತಲ್ಲ ಎಂದು ಗುರುಮಲ್ಲಯ್ಯನವರು ಕುರ್ಚಿಯಲ್ಲಿ ಕುಸಿದರು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಹಿದಾಯತ್ ಉಲ್ಲಾ ಸಾಹೇಬರು ಕಣ್ಣು ತೆರೆದರು.

"ನಂಗೆ ಬೇಡ" ಎಂದರು.

"ಏನು ಸರ್?"

"ಈ ಮಾಲು ಬೇಡ." ಸಾಹೇಬರು ಜನರ ಕಡೆ ತಿರುಗಿದರು. "ನೀವೇ ಹೇಳಿ. ಬೆಂಗಳೂರಿಂದ ರೈಲು ಚಾರ್ಜ್ ಹಾಕ್ಕೊಂಡು ಬಂದು ಪುಕ್ಕಟೆ ಕೊಡ್ತೀನಿ ಅಂತಾವ್ಳೆ. ಇಷ್ಟು ವರ್ಷ ಮಾಲು ಮುರಿದು, ಮೂಸಿ ನೋಡಿದ ಕೈ ಇದು. ಪುಕ್ಕಟೆ ಅಂದ್ರೆ ಒಳಗೆ ಹುಳ ಅದೆ ಅಂತಲೇ ಲೆಕ್ಕ!"

"ಹೌದೌದು" ಎಂದಿತು ಮೂಟೆಗಳ ಮೇಲಿನ ಸಭೆ.

"ಒಂದು ಕೆಲಸ ಮಾಡಮ್ಮ. ನೂರಕ್ಕೆ ಎರಡಾದ್ರೂ ತಗೊ. ನಂಗೂ ಸಮಾಧಾನ, ನಿಂಗೂ ಮರ್ಯಾದೆ."

"ತಗೊಳ್ಳೋ ಹಾಗಿಲ್ಲ ಸರ್."

"ಒಂದು?" ಎಂದರು ಗುರುಮಲ್ಲಯ್ಯನವರು.

"ಒಂದೂ ಇಲ್ಲ."

"ಅರ್ಧ ತಗೊಳಮ್ಮ, ಹಿರಿಯರು ಕೇಳ್ತಿದಾರೆ" ಎಂದರು ನೀಲಕಂಠಸ್ವಾಮಿಯವರು. ಬೆಲೆ ಹೆಚ್ಚಿಸಲು ಕೊಳ್ಳುವವರೆಲ್ಲ ಗೋಗರೆಯುವುದು, ಮಾರುವವಳು ಕಾಸು ಬೇಡವೆಂದು ಹಟ ಹಿಡಿಯುವುದು, ಇಂಥ ವ್ಯಾಪಾರ ಆ ಅಂಗಳ ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಾರದು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಒಂದೇ ಕೈಯಲ್ಲಿ ಶಾಲು ತೆಗೆದು ಕುರ್ಚಿ ಮೇಲಿಟ್ಟು, ಕಾಗದ ಬ್ಯಾಗಿಗೆ ತುರುಕಿಕೊಂಡಳು.

"ನಂಬಿಕೆ ಇಲ್ಲ ಅಂದರೆ ನಾನೇನು ಮಾಡಲಿ ಸರ್? ರೈಲಿಗೆ ಹೊತ್ತಾಯಿತು, ಬರ್ತೀನಿ."

ಅವಳಿಗೆ ಹೋಗಲಾಗಲಿಲ್ಲ. ಟವೆಲಿನ ಕೆಳಗೆ ಅವಳ ಕೈ ಇನ್ನೂ ಚಾಂದ್ ಬಿಯ ಕೈಯಲ್ಲಿತ್ತು. ಚಾಂದ್ ಬಿ ಟವೆಲನ್ನು ಎತ್ತಿ ಬಿಸಾಡಿದಳು, ಕೈ ಬಿಡಲಿಲ್ಲ. ಗಂಡನ ಎದುರು ಬಂದು ನಿಂತಳು. ಮನೆಯ ಮಾತನ್ನು ಬೀದಿಗೆ ತರಬಾರದೆಂದು ಇಷ್ಟು ವರ್ಷ ಉರ್ದುವಿನಲ್ಲೇ ಬೈಯುತ್ತಿದ್ದವಳು ಈ ಸಲ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಕೇಳಿದಳು.

"ಅಲ್ರೀ, ನಾವು ಬಾಣಂತೀರಿಗೆ ನೀರು ಎಷ್ಟಕ್ಕೆ ಕೊಡ್ತಾ ಇದೀವಿ?"

ಸಾಹೇಬರು ಬಾಯಿ ತೆರೆದರು.

"ಪುಕ್ಕಟೆ ಅಲ್ವಾ? ಅದ್ರಲ್ಲಿ ಯಾವ ಹುಳ ಇದೆ, ಇವರೆಲ್ಲರ ಮುಂದೆ ಹೇಳಿ. ಕೇಳ್ತೀನಿ."

ಮೂಟೆಗಳ ಮೇಲಿದ್ದವರು ಒಬ್ಬೊಬ್ಬರಾಗಿ ಕೆಳಗೆ ನೋಡತೊಡಗಿದರು. ಅವರಲ್ಲಿ ಗುಂಡ್ಲುಪೇಟೆ ಕಡೆಯ ಎಷ್ಟೋ ಜನರ ಮನೆಯ ಬಾಣಂತಿಯರು ಆ ಹಂಡೆಯ ನೀರು ಹುಯ್ದುಕೊಂಡವರು. ರಾಚಮ್ಮ ಬೂದಿ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಸಾಹೇಬರನ್ನೇ ನೋಡುತ್ತಿದ್ದಳು. ಸಾಹೇಬರು ಟೋಪಿಗೆ ಕೈ ಹಾಕಿದರು, ಆದರೆ ಸರಿಮಾಡಿಕೊಳ್ಳಲಿಲ್ಲ. ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಯಾರೂ ಕೇಳಿರದಿದ್ದ ಮಾತನ್ನು ಮೆಲ್ಲನೆ ಆಡಿದರು.

"ನಂಗೆ ಗೊತ್ತಾಗ್ಲಿಲ್ಲ ಕಣಮ್ಮ. ಸಹಿ ಎಲ್ಲಿ ಹಾಕ್ಬೇಕು, ತೋರ್ಸು."

ಆ ರೈಲು ತಪ್ಪಿತು. ಮಂಗಳಗೌರಿಯನ್ನು ಚಾಂದ್ ಬಿ ಗುಂಡ್ಲುಪೇಟೆಗೇ ಕರೆದುಕೊಂಡು ಹೋಗಿ ಉಣ್ಣಿಸಿ, ಮಾರನೆಯ ದಿನ ಮೈಸೂರು ಬಸ್ಸು ಹತ್ತಿಸಿದಳು. ಆ ವಾರವೇ ಆನ್‌ಲೈನ್ ನಡೆಯತೊಡಗಿತು. ಕಾರಿನಲ್ಲಿ ಬಂದಿದ್ದವನ ಆಫೀಸಿನವರು ಮಾರ್ಚ್ ಮುಗಿಯುವ ಮೊದಲೇ ಕಳಿಸಿದರು. ಬಂದ ದುಡ್ಡು ಬಂದ ಹಾಗೆಯೇ ಬ್ಯಾಂಕಿಗೆ ಬಿತ್ತು, ಭಾನುವಾರವಲ್ಲದ ದಿನವೇ ಬಿತ್ತು ಎಂದು ರಾಚಮ್ಮ ಬಹಳ ಸಮಾಧಾನಪಟ್ಟಳು. ಬೇವಿನ ಮರದ ಕೆಳಗೆ ಹೊಗೆ ಕೊಳವೆ, ಹಿತ್ತಾಳೆ ನಲ್ಲಿ ಎಲ್ಲ ಇರುವ ಹೊಸ ಬಾಯ್ಲರು ಬಂದು ಕೂತಿತು. ನೀಲಕಂಠಸ್ವಾಮಿಯವರು ಅದಕ್ಕೇ ಶಾಲು ಹೊದಿಸಿ ಭಾಷಣ ಮಾಡಿದರು.

ಮೊದಲ ದಿನ ನಲ್ಲಿ ತಿರುಗಿಸುವ ಗೌರವವನ್ನು ಸಾಹೇಬರೇ ಬೇಡಿ ಪಡೆದುಕೊಂಡರು. ಶಿವಪುರದ ಕಡೆಯ ಒಬ್ಬ ಮುದುಕಿ ಮೊಮ್ಮಗಳ ಬಾಣಂತನಕ್ಕೆ ಬಂದವಳು ಬಕೆಟ್ ಹಿಡಿದು ನಿಂತಳು. ಸಾಹೇಬರು ಹೊಗೆಯಾಡುವ ಬಿಸಿನೀರನ್ನು ಅಂಚಿನವರೆಗೂ ತುಂಬಿ ಕೊಟ್ಟರು. ಮುದುಕಿ ಸೊಂಟದಿಂದ ಎಲೆಯಡಿಕೆ ಚೀಲ ತೆಗೆದಳು.

"ಏಟಾಯ್ತು ಸಾಬ್ರೆ?"

"ಏನೂ ಇಲ್ಲ ಕಣಜ್ಜಿ. ಪುಕ್ಕಟೆ."

ಮುದುಕಿ ಚೀಲ ಹಾಗೇ ಹಿಡಿದುಕೊಂಡು ಸಾಹೇಬರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಬಗ್ಗಿ, ಬಕೆಟ್ಟಿನೊಳಗೆ ಇಣುಕಿ, ನೀರಿನಲ್ಲಿ ಬೆರಳು ಅದ್ದಿ ಮೂಸಿ ನೋಡಿದಳು.

"ಯಾಕೆ? ನೀರ್ಗೇನಾಗದೆ?"